ಹೆನ್ರಿಯೆಟಾ ಬೀದಿಯ 14ನೆಯ ಮನೆ

ಡಬ್ಲಿನ್ ನಗರದ ಉತ್ತರ ಭಾಗದಲ್ಲಿ, ಬೋಲ್ಟನ್ ಬೀದಿಯಿಂದ ಕವಲೊಡೆದು, ಕಿಂಗ್ಸ್ ಇನ್ಸ್ ಎಂಬ ವಕೀಲರ ಸಂಸ್ಥೆಯ ಹೆಬ್ಬಾಗಿಲಿನಲ್ಲಿ ಕೊನೆಗೊಳ್ಳುವ ಚಿಕ್ಕ ಬೀದಿಯೊಂದಿದೆ. ಅದರ ಹೆಸರು ಹೆನ್ರಿಯೆಟಾ ಬೀದಿ. ಇಕ್ಕೆಲಗಳಲ್ಲಿಯೂ ಇಟ್ಟಿಗೆಯ ಎತ್ತರವಾದ ಮನೆಗಳು ಒಂದರ ಮಗ್ಗುಲಿಗೆ ಒಂದು ಅಂಟಿಕೊಂಡು ನಿಂತಿವೆ. ಅವುಗಳಲ್ಲಿ 14ನೆಯ ಸಂಖ್ಯೆಯ ಮನೆಯು ತನ್ನ ಆಯುಷ್ಯದಲ್ಲಿ ಸೇನಾಧಿಪತಿಯೊಬ್ಬನನ್ನೂ, ನ್ಯಾಯಾಲಯವನ್ನೂ, ಏಕಕಾಲಕ್ಕೆ ನೂರು ಮಂದಿ ಬಡವರನ್ನೂ ಕಂಡಿದೆ.

ಜಾರ್ಜ್ ಎಂಬ ಹೆಸರಿನ ನಾಲ್ವರು ದೊರೆಗಳು ಒಬ್ಬರ ಬಳಿಕ ಒಬ್ಬರಾಗಿ ಆಳಿದ 1714ರಿಂದ 1830ರ ವರೆಗಿನ ಕಾಲವನ್ನು ಆಂಗ್ಲರು ‘ಜಾರ್ಜಿಯನ್’ ಯುಗವೆನ್ನುತ್ತಾರೆ. ಆ ಯುಗದ ಸಾಲುಮನೆಗಳ ಹೊರಮುಖದಲ್ಲಿ ಆಡಂಬರ ಕಡಮೆ. ಸಮನಾದ ಇಟ್ಟಿಗೆಯ ಗೋಡೆ, ಅಳತೆಗೆಟ್ಟು ಹೋಗದ ಕಿಟಕಿಗಳ ಸಾಲು, ಬಾಗಿಲಿಗೊಂದು ಕಲ್ಲಿನ ಚೌಕಟ್ಟು, ಇಷ್ಟೆ. ವೈಭವವೆಲ್ಲ ಒಳಗೆ. ಅದರಲ್ಲಿಯೂ ಮೊದಲನೆಯ ಮಹಡಿಯ ಬೈಠಕ್ಕಿನ ಕೋಣೆಗಳಲ್ಲಿ: ಅಲ್ಲಿ ಚಾವಣಿ ಎತ್ತರ, ಕಿಟಕಿ ಎತ್ತರ, ಗಾರೆಯ ಕುಸುರಿಕೆಲಸವೂ ಹೆಚ್ಚು. ಮೇಲೇರಿದಂತೆ ಕಿಟಕಿಗಳು ಗಿಡ್ಡವಾಗುತ್ತ, ಆಳುಕಾಳುಗಳು ಮಲಗುವ ಅಟ್ಟಕ್ಕೆ ಬರುವ ವೇಳೆಗೆ ಬೆಳಕಿಗೂ ಬಡತನ ಬಂದಿರುತ್ತದೆ. ಅಡುಗೆ ನೆಲಮಾಳಿಗೆಯಲ್ಲಿ. ಯಜಮಾನರಿಗೊಂದು ಮೆಟ್ಟಿಲು, ಊಳಿಗದವರಿಗೆ ಹಿಂಬದಿಯಲ್ಲಿ ಇನ್ನೊಂದು. ಯಾರು ಎಲ್ಲಿ ನಡೆಯಬೇಕು, ಯಾರು ಯಾರ ಕಣ್ಣಿಗೆ ಬೀಳಬಾರದು ಎಂಬುದನ್ನು ಮನೆಯ ನಕ್ಷೆಯೇ ನಿರ್ಧರಿಸುತ್ತಿತ್ತು.

ಲ್ಯೂಕ್ ಗಾರ್ಡಿನರ್ ಎಂಬ ಧನವಂತನು 1720ರ ದಶಕದಲ್ಲಿ ಈ ಬೀದಿಯನ್ನು ರೂಪಿಸತೊಡಗಿದನು. 14ನೆಯ ಮನೆಯು ಎದ್ದು ನಿಂತದ್ದು 1740ರ ದಶಕದ ಕೊನೆಯಲ್ಲಿ. ಮೊದಲ ನಿವಾಸಿ ಲಾರ್ಡ್ ಮೋಲ್ಸ್‌ವರ್ತ್. 1706ರ ರಾಮಿಲಿ ಕಾಳಗದಲ್ಲಿ ಕುದುರೆಯಿಂದ ಬಿದ್ದ ಮಾರ್ಲ್‌ಬರೊ ಡ್ಯೂಕನಿಗೆ ತನ್ನ ಕುದುರೆಯನ್ನೇ ಕೊಟ್ಟು ಪ್ರಾಣವುಳಿಸಿದ ವೀರನೀತ. ಅಂದಿನ ಡಬ್ಲಿನ್ನಿಗೆ ತನ್ನದೇ ಆದ ಪಾರ್ಲಿಮೆಂಟು ಇದ್ದಿತು. ಅದರ ಸುತ್ತ ಶ್ರೀಮಂತರು ನೆರೆದಿದ್ದರು. ಆದರೆ 1801ರ ಜನವರಿ 1ರಂದು ಐರ್ಲೆಂಡು ಬ್ರಿಟನ್ನಿನೊಡನೆ ವಿಲೀನವಾಯಿತು. ಪಾರ್ಲಿಮೆಂಟು ಮುಚ್ಚಿತು. ಜಮೀನುದಾರರು ಲಂಡನ್ನಿನ ಹಾದಿ ಹಿಡಿದರು. ಅವರು ಬಿಟ್ಟುಹೋದ ಬೀದಿಗೆ ವಕೀಲರು ಬಂದರು.

ಬಳಿಕ 1840ರ ದಶಕದ ಘೋರ ಕ್ಷಾಮ. ಒಕ್ಕಲುಗಳು ಸತ್ತರು, ಇಲ್ಲವೆ ಹಡಗು ಹತ್ತಿದರು. ಗೇಣಿ ಬಾರದೆ ಜಮೀನುದಾರರು ಸಾಲದಲ್ಲಿ ಮುಳುಗಿದರು. ಅಂಥವರ ಆಸ್ತಿಯನ್ನು ಮಾರಿ ಸಾಲ ತೀರಿಸಲೆಂದು 1849ರಲ್ಲಿ ವಿಶೇಷ ನ್ಯಾಯಾಲಯವೊಂದು ಏರ್ಪಟ್ಟಿತು. ಅದು 1850ರಿಂದ ಸುಮಾರು 10 ವರ್ಷ ನಡೆದದ್ದು ಇದೇ 14ನೆಯ ಮನೆಯಲ್ಲಿ. ಜಮೀನುದಾರರು ಮೆರೆಯಲೆಂದು ಕಟ್ಟಿದ ಕೋಣೆಗಳಲ್ಲಿಯೇ ಜಮೀನುದಾರರ ಭೂಮಿ ವಿಕ್ರಯವಾಯಿತು. ಕಾದಂಬರಿಕಾರನು ಹೀಗೆ ಬರೆದಿದ್ದರೆ ಅತಿಯಾಯಿತೆಂದು ವಿಮರ್ಶಕರು ಮೂಗು ಮುರಿಯುತ್ತಿದ್ದರೇನೋ!

1877ರಲ್ಲಿ ಥಾಮಸ್ ವಾನ್ಸ್ ಎಂಬ ಮಾಲಿಕನು ಮನೆಯನ್ನು ಬಾಡಿಗೆಯ ಬಿಡಾರಗಳಾಗಿ ಒಡೆದನು. ಮರ್ಯಾದಸ್ಥ ಕುಟುಂಬಗಳಿಗೆ ಅನಿಲದೀಪ, ವಾರ್ಟ್ರಿಯ ನೀರು, ಒಂದೊಂದು ಬಿಡಾರಕ್ಕೂ ಒಲೆ, ಬಟ್ಟೆಯೊಣಗಿಸಲು ಅಂಗಳ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟನು. ಬಿಡಾರಗಳ ಸಂಖ್ಯೆ ಹೆಚ್ಚಲೆಂದು ಯಜಮಾನರ ಭವ್ಯವಾದ ಮೆಟ್ಟಿಲನ್ನು ಕಿತ್ತುಹಾಕಿಸಿದನು. ಅಲ್ಲಿಂದಾಚೆಗೆ ಅದು ನಮ್ಮ ಮಾತಿನಲ್ಲಿ ಹೇಳುವುದಾದರೆ ವಠಾರ. 1911ರ ಜನಗಣತಿಯಲ್ಲಿ ಈ ಒಂದೇ ಮನೆಯಲ್ಲಿ 17 ಸಂಸಾರಗಳು, 100 ಮಂದಿ. ನಾಟ್ಯಕೂಟ ನಡೆದಿದ್ದ ಕೋಣೆಗೆ ಹಲಗೆಯ ಮರೆ ಕಟ್ಟಿ, ಒಂದು ಪಕ್ಕದಲ್ಲಿ ಅಡುಗೆ, ಇನ್ನೊಂದು ಪಕ್ಕದಲ್ಲಿ ಹಾಸಿಗೆ. ನೋಡುವವರಿಗೆ ಘನತೆಯೆನಿಸಿದ ಆ ಎತ್ತರದ ಚಾವಣಿಯೇ ಚಳಿಗಾಲದಲ್ಲಿ ಶತ್ರುವಾಯಿತು. ಇದ್ದೊಂದು ಅಗ್ಗಿಷ್ಟಿಕೆಯ ಕಾವೆಲ್ಲ ಮೇಲಕ್ಕೇರಿ ಹೋಗುತ್ತಿತ್ತು.

ಇಂತಹ ಮನೆಗಳು ಪ್ರಾಣವನ್ನೂ ತೆಗೆದವು. 1913ರ ಸೆಪ್ಟೆಂಬರಿನಲ್ಲಿ ಚರ್ಚ್ ಬೀದಿಯ ಎರಡು ಮನೆಗಳು ಕುಸಿದು 7 ಮಂದಿ ಮಡಿದರು. ಸುಮಾರು 50 ವರ್ಷಗಳ ಬಳಿಕ, 1963ರ ಜೂನ್ ತಿಂಗಳಲ್ಲಿ, ಬೋಲ್ಟನ್ ಬೀದಿಯಲ್ಲಿ ಇಬ್ಬರು ವೃದ್ಧರೂ ಫೀನಿಯನ್ ಬೀದಿಯಲ್ಲಿ ಇಬ್ಬರು ಬಾಲಿಕೆಯರೂ ಹಾಗೆಯೇ ತೀರಿಕೊಂಡರು. ಆ ಮೇಲೆ ಹಳೆಯ ವಠಾರಗಳನ್ನು ಅವಸರದಲ್ಲಿ ತೆರವು ಮಾಡಿಸಲಾಯಿತು. 14ನೆಯ ಮನೆಯಿಂದ ಕಡೆಯ ಸಂಸಾರ ಹೊರಟದ್ದು 1970ರ ದಶಕದ ಕೊನೆಗೆ.

ಪಾಳುಬಿದ್ದ ಮನೆಯನ್ನು ಡಬ್ಲಿನ್ ನಗರಸಭೆ ವಹಿಸಿಕೊಂಡು ದುರಸ್ತಿಗೆ ತೊಡಗಿದಾಗ ಕಠಿಣವಾದ ಪ್ರಶ್ನೆಯೊಂದು ಎದುರಾಯಿತು: ಉಳಿಸಬೇಕಾದುದು ಯಾರ ಮನೆಯನ್ನು? ಪದರಗಳನ್ನು ಕೆರೆದು ತೆಗೆದರೆ ಮೋಲ್ಸ್‌ವರ್ತನ ಸೊಬಗು ಕಂಡೀತು; ಆದರೆ ಕೆರೆದುಹೋಗುವ ಪದರವೇ ನೂರು ವರ್ಷಗಳ ಬಡವರ ಬಾಳು. ಬೇರೆಡೆಗಳಲ್ಲಿ ಇಂಥ ಮನೆಗಳಿಗೆ ಬಂಗಾರದ ಅಂಚಿನ ಕನ್ನಡಿ, ರೇಷ್ಮೆಯ ಪರದೆ ತಂದಿಟ್ಟು ಶ್ರೀಮಂತರನ್ನು ಮಾತ್ರ ಮರಳಿ ಕರೆತರುವುದೇ ವಾಡಿಕೆ. ಇಲ್ಲಿನವರು ಹಾಗೆ ಮಾಡಲಿಲ್ಲ. ಒಂದರ ಮೇಲೊಂದು ಅಂಟಿಸಿದ್ದ ಗೋಡೆಕಾಗದದ ತುಣುಕುಗಳನ್ನೂ, ಸವೆದ ಲಿನೋಲಿಯಮ್ಮನ್ನೂ ಜೋಪಾನ ಮಾಡಿದರು. ಇಲ್ಲಿ ಬೆಳೆದವರನ್ನು ಕರೆಸಿ ಅವರ ನೆನಪುಗಳನ್ನು ಬರೆದುಕೊಂಡರು. 2018ರಲ್ಲಿ ಮನೆಯು ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಮೊದಲನೆಯ ಮಹಡಿಯಲ್ಲಿ ಲಾರ್ಡನ ಕೋಣೆಗಳು, ಕೆಳಗೆ ವಠಾರದವರ ಬಿಡಾರ. ನೋಡಬಂದವರು ಎರಡನ್ನೂ ಹಾಯ್ದೇ ಹೋಗಬೇಕು. ಬಾಡಿಗೆದಾರರು ಓಡಾಡುತ್ತಿದ್ದ ಮೆಟ್ಟಿಲ ಬಳಿಯ ಗೋಡೆಗಳಿಗೆ ಎರಡು ಬಣ್ಣ. ಒಂದು ಕೆಮ್ಮಣ್ಣಿನ ಕೆಂಪು. ಮತ್ತೊಂದನ್ನು ಅಲ್ಲಿಯವರು ‘ರೆಕಿಟ್ ನೀಲಿ’ ಎನ್ನುತ್ತಿದ್ದರು. ಭಾರತದ ಗೃಹಿಣಿಯರು ಬಿಳಿಯ ಬಟ್ಟೆಗೆ ಹಾಕಿದ ರಾಬಿನ್ ನೀಲಿಯೂ ಅದೇ ರೆಕಿಟ್ ಕಂಪೆನಿಯದು. ಆ ನೀಲಿ, ಆ ಕೆಂಪು, ಸಿಪ್ಪೆಯೆದ್ದಲ್ಲಿ ಸಿಪ್ಪೆಯೆದ್ದಂತೆಯೇ, ಮಕ್ಕಳ ಹೆಗಲು ಉಜ್ಜಿ ಸವೆದಲ್ಲಿ ಸವೆದಂತೆಯೇ ಇವೆ.