ಪ್ರತಿಮೆಗೆ ಹಾರ, ದುಡಿಯುವವಳಿಗೆ ಗೌರವಧನ

ಕಿತ್ತೂರು ಉತ್ಸವಕ್ಕೆ ಮಂತ್ರಿಗಳು ಬರುತ್ತಾರೆ. ರಾಣಿ ಚನ್ನಮ್ಮನ ಪ್ರತಿಮೆಗೆ ಹಾರ ಬೀಳುತ್ತದೆ. ದತ್ತಕವನ್ನು ಒಪ್ಪೆವೆಂದ ಕಂಪನಿಯ ಕಾಗದಕ್ಕೆ 1824ರಲ್ಲಿ ತಲೆಬಾಗದ ಹೆಣ್ಣುಮಗಳು ಆಕೆ. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ಅದೇ ಕಾಗದದ ದರ್ಬಾರು ಸ್ವತಂತ್ರ ಭಾರತದ ಕಚೇರಿಗಳಲ್ಲಿ ಹೇಗೆ ನಡೆಯಿತೆಂಬುದನ್ನೂ ಆ ವೇದಿಕೆಯ ಮೇಲೆ ಹೇಳಬೇಕು.

ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಲಗ್ನವಾದರೆ ರಾಜೀನಾಮೆ ಕೊಡುವೆನೆಂದು ಅವರಿಂದ ಬರೆಯಿಸಿಕೊಂಡರು. ಗಂಡಸರಿಂದ ಇಂಥ ಮುಚ್ಚಳಿಕೆ ಕೇಳಿದವರುಂಟೇ? 1961ರ ನಿಯಮಗಳು ಇನ್ನೂ ನಿರ್ಲಜ್ಜ. ಮದುವೆಗೆ ಸರಕಾರದ ಲಿಖಿತ ಅಪ್ಪಣೆ ಬೇಕು; ಸಂಸಾರದ ಭಾರ ಕೆಲಸಕ್ಕೆ ಅಡ್ಡಿಯೆಂದು ಸರಕಾರಕ್ಕೆ ತೋಚಿದರೆ ಆಕೆ ಮನೆಗೆ ಹೋಗಬೇಕು; ವಿವಾಹಿತೆಗೆ ನೇಮಕದ ಹಕ್ಕೇ ಇಲ್ಲ! ಇಂಗ್ಲೆಂಡು ತನ್ನ ಒಳನಾಡಿನ ಸಿವಿಲ್ ಸರ್ವಿಸಿನಿಂದ ಇಂಥ ಕಟ್ಟನ್ನು 1946ರಲ್ಲಿಯೇ ಕಿತ್ತಿತ್ತು. ಮಹಾಯುದ್ಧದಲ್ಲಿ ವೈರಿಯ ಗುಪ್ತಲಿಪಿ ಬಿಡಿಸಿದ ಬ್ಲೆಚ್ಲಿ ಪಾರ್ಕಿನಲ್ಲಿ ದುಡಿದವರ ಪೈಕಿ ಮುಕ್ಕಾಲು ಪಾಲು ಹೆಂಗಸರೇ. ದೊರೆ ಬಿಟ್ಟ ಅಂಗಿಯನ್ನು ನಮ್ಮ ಅಧಿಕಾರಶಾಹಿ ಇಸ್ತ್ರಿ ಮಾಡಿ ತೊಟ್ಟುಕೊಂಡಿತು.

ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಮೇಲಿನ ದರ್ಜೆಗೆ ಬಡ್ತಿ ತಪ್ಪಿಸಿದಾಗ ಅಂಜದೆ ಸುಪ್ರೀಂ ಕೋರ್ಟಿಗೆ ಹೋದರು. ಖಟ್ಲೆ ನಡೆದಿರುವಾಗಲೇ ಸರಕಾರ ಅವಸರದಿಂದ ಬಡ್ತಿ ಕೊಟ್ಟಿತು. ಆದ್ದರಿಂದ ಅರ್ಜಿ ವಜಾ ಆಯಿತು. ಆದರೆ 1979ರ ಆ ತೀರ್ಪಿನಲ್ಲಿಯೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹೆಣ್ಣೆಂಬ ಕಾರಣಕ್ಕೆ ಭೇದ ಮಾಡುವ ನಿಯಮಗಳನ್ನೆಲ್ಲ ತೊಳೆದುಹಾಕಿರೆಂದು ಸರಕಾರಕ್ಕೆ ಹೇಳಿದರು. ಅರ್ಜಿ ಸೋತಿತು, ಮುತ್ತಮ್ಮ ಗೆದ್ದರು.

ಇದು ದಿಲ್ಲಿಯ ದೊಡ್ಡ ಕುರ್ಚಿಯವರ ಮಾತು, ನಮಗೇಕೆ ಎನ್ನುವವರು ಸವದತ್ತಿ, ರಾಮದುರ್ಗ ತಾಲೂಕಿನ ಅಂಗನವಾಡಿಗಳನ್ನು ಹೊಕ್ಕು ನೋಡಲಿ. 1975ರಲ್ಲಿ ಶುರುವಾದ ಈ ಯೋಜನೆಯಲ್ಲಿ ಕೂಸಿನ ತೂಕ ನೋಡುವವಳು, ಉಣಬಡಿಸುವವಳು, ಲೆಕ್ಕ ಬರೆಯುವವಳು ಹೆಣ್ಣುಮಗಳು. ಇಂದಿಗೂ ಆಕೆಗೆ ದೊರೆಯುವುದು ವೇತನವಲ್ಲ, ‘ಗೌರವಧನ’! ಗ್ರಾಚ್ಯುಯಿಟಿ ಇವರ ಹಕ್ಕೆಂದು ಹೇಳುವುದಕ್ಕೂ 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ನೂರಕ್ಕೆ ಅರವತ್ತು ವಿಶೇಷ ಅವಕಾಶ ಕೇಳಿದ ಲೋಹಿಯಾ, ಆ ಹಿಂದುಳಿದವರ ಸಾಲಿನಲ್ಲಿ ಎಲ್ಲ ಜಾತಿಯ ಹೆಂಗಸರನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ.

ಮುಂದಿನ ಉತ್ಸವಕ್ಕೆ ಬರುವ ಮಂತ್ರಿಗಳು ಹಾರವನ್ನು ಬೇಕಾದರೆ ಮರೆತು ಬರಲಿ, ವೇತನದ ಆದೇಶವನ್ನು ತರಲಿ.