ಬಿಚ್ಚಿ ನೋಡದ ವಾದ್ಯ ನಮ್ಮದಲ್ಲ

ಹಳೆಯ, ಅಗ್ಗದ ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ರಿಪೇರಿ ಮಾಡಲು ಹೊರಟವರಿಗೆ ಎರಡು ಬಗೆಯ ಬುದ್ಧಿಮಾತು ಸಿಗುತ್ತದೆ. ಒಂದು: "ಇದಕ್ಕೆ ದುಡ್ಡು ಸುರೀತೀಯಲ್ಲ ಮಗಾ, ಸ್ವಲ್ಪ ಸೇರಿಸಿ ಹೊಸದೇ ತಗೋ." ಇನ್ನೊಂದು: "ಹಳೇದಲ್ವಾ, ಏನೂ ಮುಟ್ಟಬೇಡ. ಒರಿಜಿನಲ್ ಪಾರ್ಟ್ ತೆಗೆದ್ರೆ ವ್ಯಾಲ್ಯೂ ಹೋಗುತ್ತೆ." ಒಬ್ಬರು ಎಸೆ ಎನ್ನುತ್ತಾರೆ, ಮತ್ತೊಬ್ಬರು ಪೂಜೆ ಮಾಡು ಎನ್ನುತ್ತಾರೆ. ಮೇಲ್ನೋಟಕ್ಕೆ ಇವು ಎದುರುಬದುರು ನಿಂತ ಮಾತುಗಳು. ಆದರೆ ಇಬ್ಬರ ಕೈಯಲ್ಲಿರುವ ಅಳತೆಗೋಲು ಒಂದೇ: ಮಾರಿದರೆ ಎಷ್ಟು ಬರುತ್ತದೆ? ನುಡಿಸಿದರೆ ಏನು ಬರುತ್ತದೆ ಎಂದು ಇಬ್ಬರೂ ಕೇಳುವುದಿಲ್ಲ.

ನಾನು ಇಬ್ಬರಿಗೂ ವಿರುದ್ಧ. ಅಗ್ಗದ ಹಳೆ ವಾದ್ಯವನ್ನು ಬಿಚ್ಚಬೇಕು, ಸರಿಮಾಡಬೇಕು, ಬೇಕೆನಿಸಿದರೆ ಬದಲಿಸಲೂ ಬೇಕು. ಅದು ಹವ್ಯಾಸಿಗಳ ಚಪಲ ಎಂದು ನಗುವವರಿಗೆ ಇದರಲ್ಲಿರುವ ಗಂಭೀರ ಪ್ರಶ್ನೆ ಕಾಣುತ್ತಿಲ್ಲ. ನಾವು ಬಳಸುವ ವಸ್ತುವಿನ ಒಳಗನ್ನು ತಿಳಿಯುವ ಹಕ್ಕು ಮತ್ತು ಹೊಣೆ ಯಾರದು ಎಂಬುದೇ ಆ ಪ್ರಶ್ನೆ.

ಬೇಸ್ ಗಿಟಾರಿನ ಪರಿಚಯವಿಲ್ಲದವರು ರಾಜನ್–ನಾಗೇಂದ್ರ ಅಥವಾ ಇಳಯರಾಜಾ ಅವರ ಹಳೆಯ ಹಾಡೊಂದನ್ನು ಇಯರ್‌ಫೋನ್ ಹಾಕಿಕೊಂಡು ಕೇಳಲಿ. ಗಾಯಕರ ದನಿಯ ಕೆಳಗೆ, ತಬಲಾದ ಪಕ್ಕದಲ್ಲಿ, ಇನ್ನೊಂದು ದಪ್ಪ ದನಿ ಓಡಾಡುತ್ತಿರುತ್ತದೆ. ಅದು ಬೇಸ್. ನಾಲ್ಕು ತಂತಿ, ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದಿರುವಾಗ ಹೆಚ್ಚಿನವರು ಗಮನಿಸುವುದಿಲ್ಲ, ತೆಗೆದುಬಿಟ್ಟರೆ ಹಾಡು ನೆಲ ತಪ್ಪಿದಂತಾಗುತ್ತದೆ.

ನನ್ನ ಬೇಸ್‌ಗೆ ಹೆಸರಿಲ್ಲ. ತಲೆಯ ಮೇಲಿದ್ದ ಸ್ಟಿಕ್ಕರನ್ನು ಯಾರೋ ಉಜ್ಜಿ ತೆಗೆದಿದ್ದಾರೆ. ಫೆಂಡರ್ ಪ್ರಿಸಿಷನ್ ಬೇಸ್‌ನ ನಕಲು, ಪ್ಲೈವುಡ್ ಮೈ. ಹಾಸ್ಟೆಲ್ ಬಿಟ್ಟು ಹೋಗುತ್ತಿದ್ದ ಒಬ್ಬರಿಂದ 4,000 ರೂಪಾಯಿಗೆ ಕೊಂಡಿದ್ದು. ಬಂದಾಗ ನೆಕ್ ಮುಂದಕ್ಕೆ ಬಾಗಿತ್ತು, ತಂತಿಗಳು ಫ್ರೆಟ್ಟುಗಳಿಂದ ಮೇಲೆದ್ದು ಬೆರಳು ನೋಯುತ್ತಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು, ತಂತಿಯಿಂದ ಕೈ ತೆಗೆದರೆ ಗುಂಯ್ ಎನ್ನುವ ಹಮ್ಮು. ಒಂದು ಬಿರಡೆ ಸಡಿಲ.

ಇಷ್ಟಕ್ಕೆ ಬೇಕಾದದ್ದು ಏನೇನು? ನೆಕ್ಕಿನೊಳಗೆ ಒಂದು ಕಬ್ಬಿಣದ ಸರಳಿರುತ್ತದೆ, ಟ್ರಸ್ ರಾಡ್. ನಾಲ್ಕು ತಂತಿಗಳು ಸೇರಿ ನೆಕ್ಕನ್ನು ಸುಮಾರು 75 ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಎದುರು ನಿಲ್ಲುವುದು ಈ ಸರಳು. ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ನೋಡಬೇಕು. ಅವಸರ ಮಾಡಿದರೆ ಮರ ಕ್ಷಮಿಸುವುದಿಲ್ಲ. ಫ್ರೆಟ್ಟುಗಳ ತಲೆಗೆ ಮಾರ್ಕರ್ ಇಂಕು ಬಳಿದು, ನೇರವಾದ ಅರದಿಂದ ಉಜ್ಜಿದರೆ ಎತ್ತರದವು ಮೊದಲು ಇಂಕು ಕಳೆದುಕೊಂಡು ತಮ್ಮನ್ನು ತಾವೇ ತೋರಿಸಿಕೊಡುತ್ತವೆ. ಬ್ರಿಡ್ಜಿನ ಸ್ಯಾಡಲ್‌ಗಳನ್ನು ಹಿಂದೆ ಮುಂದೆ ಸರಿಸಿ 12ನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರವೂ ಹಾರ್ಮೋನಿಕ್ ಸ್ವರವೂ ಒಂದಾಗುವಂತೆ ಮಾಡಬೇಕು. ಒಳಗಿನ ಗುಂಡಿಗೆ ತಾಮ್ರದ ಟೇಪು ಅಂಟಿಸಿ ಗ್ರೌಂಡಿಗೆ ಜೋಡಿಸಿದರೆ ಹಮ್ಮು ಬಹುಪಾಲು ಅಡಗುತ್ತದೆ. ಎಸ್.ಪಿ. ರಸ್ತೆಯಲ್ಲಿ ತಂದ ಎರಡು 250 ಕಿಲೋ ಓಮ್ ಪಾಟ್, ಒಂದು 0.047 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಹೊಸ ಜ್ಯಾಕ್, ತಾಮ್ರದ ಟೇಪು, ಹೊಸ ತಂತಿಗಳು ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಖರ್ಚಿನ ದೊಡ್ಡ ಪಾಲು ತಂತಿಯದೇ.

ಈಗ "ಎಸೆ" ಎನ್ನುವವರ ಲೆಕ್ಕಕ್ಕೆ ಬರೋಣ. ನಾಲ್ಕು ಸಾವಿರದ ವಸ್ತುವಿಗೆ ಮೂರು ಸಾವಿರ ಹಾಕುವುದು ಮೂರ್ಖತನ ಎನ್ನುತ್ತಾರೆ ಅವರು. ಹೊಸ ಅಗ್ಗದ ಬೇಸ್ ಪೆಟ್ಟಿಗೆಯಿಂದ ಹೊರಬಂದ ಮೇಲೂ ಇದೇ ಕೆಲಸ ಬೇಡುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ಮಳೆಗಾಲದಲ್ಲಿ ನೆಕ್ ಅತ್ತ ಬಾಗುತ್ತದೆ, ಬೇಸಿಗೆಯಲ್ಲಿ ಇತ್ತ. ಹೊಸದು ಕೊಂಡವರೂ ಒಂದೋ ಈ ಕೆಲಸ ಕಲಿಯಬೇಕು, ಇಲ್ಲವೇ ಆರು ತಿಂಗಳಿಗೊಮ್ಮೆ ಯಾರಿಗೋ ದುಡ್ಡು ಕೊಡಬೇಕು. ಅದೂ ಆಗದಿದ್ದರೆ "ಇದು ಚೆನ್ನಾಗಿಲ್ಲ" ಎಂದು ಮತ್ತೊಂದು ಕೊಳ್ಳಬೇಕು. ಅಂಗಡಿಗೆ ಲಾಭವಿರುವುದು ಮೂರನೆಯ ದಾರಿಯಲ್ಲಿ. ಹಾಗಾಗಿ ನಮಗೆ ಹೆಚ್ಚು ಕೇಳಿಸುವುದೂ ಅದೇ ಸಲಹೆ.

ಎಸೆಯುವ ಮುಂಚೆ ಮರದ ಲೆಕ್ಕವನ್ನೂ ಹಾಕಬೇಕು. ಜಗತ್ತಿನ ಗಿಟಾರುಗಳ ಬೆರಳುಹಲಗೆಗೆ ಹೋಗುವ ಮರಗಳಲ್ಲಿ ನಮ್ಮ ಪಶ್ಚಿಮಘಟ್ಟದ ಬೀಟೆಯೂ ಒಂದು. 1992ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಮಾರಾಟಕ್ಕೆ ಅಂತಾರಾಷ್ಟ್ರೀಯ ನಿರ್ಬಂಧ ಬಿದ್ದ ಮೇಲೆ ಬೀಟೆಗೆ ಬೇಡಿಕೆ ಇನ್ನೂ ಹೆಚ್ಚಿತು; 2017ರಲ್ಲಿ ಆ ಕುಲದ ಮರಗಳೆಲ್ಲ ನಿಯಂತ್ರಣದ ಪಟ್ಟಿಗೆ ಸೇರಿದವು. ಹಲಗೆ ಕೊಯ್ಯುವಷ್ಟು ದಪ್ಪವಾಗಲು ಬೀಟೆ ಮನುಷ್ಯನ ಒಂದು ಆಯುಷ್ಯವನ್ನೇ ತೆಗೆದುಕೊಳ್ಳುತ್ತದೆ. ಐವತ್ತು ರೂಪಾಯಿಯ ಬಿಡಿಭಾಗ ಕೆಟ್ಟಿತೆಂದು ಅಂಥ ಮರ ಅಂಟಿಕೊಂಡಿರುವ ವಾದ್ಯವನ್ನು ಗುಜರಿಗೆ ಹಾಕುವುದನ್ನು ಮಿತವ್ಯಯ ಎಂದು ಕರೆಯುವವರ ಲೆಕ್ಕದ ಪುಸ್ತಕ ನನಗೆ ಅರ್ಥವಾಗುವುದಿಲ್ಲ.

"ಮುಟ್ಟಬೇಡ" ಎನ್ನುವವರದು ಇನ್ನೂ ನಾಜೂಕಾದ ವಾದ. ಅವರು ಪರಂಪರೆಯ ಹೆಸರಿನಲ್ಲಿ ಮಾತಾಡುತ್ತಾರೆ. ಹಾಗಾದರೆ ಪರಂಪರೆಯನ್ನೇ ನೋಡೋಣ. 1951ರಲ್ಲಿ ಪ್ರಿಸಿಷನ್ ಬೇಸ್ ತಂದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ರಿಪೇರಿಯವನ ಕಷ್ಟ ಗೊತ್ತಿತ್ತು. ಆದ್ದರಿಂದಲೇ ನೆಕ್ಕನ್ನು ಅಂಟಿನಿಂದ ಕೂರಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದರು. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. 1957ರಲ್ಲಿ ಅದೇ ಬೇಸ್‌ನ ಪಿಕಪ್ಪನ್ನು ಎರಡು ತುಂಡಾಗಿಸಿ, ಎರಡರ ಹಮ್ಮೂ ಪರಸ್ಪರ ರದ್ದಾಗುವಂತೆ ಬದಲಿಸಿದರು. ಹುಟ್ಟಿಸಿದವರೇ ಆರು ವರ್ಷದಲ್ಲಿ "ಒರಿಜಿನಲ್" ಅನ್ನು ಬದಲಿಸಿದ್ದಾರೆ. ಬಿಚ್ಚಲೆಂದೇ ಮಾಡಿದ ವಸ್ತುವನ್ನು ಬಿಚ್ಚಬಾರದೆನ್ನುವುದು ಯಾವ ಪರಂಪರೆ?

ಜ್ಯಾಕೊ ಪಾಸ್ಟೋರಿಯಸ್ ಅವರ ಬೇಸ್ ಇಂದು ಆರಾಧನೆಯ ವಸ್ತು. ಅದು 1962ರ ಜಾಝ್ ಬೇಸ್. ಫ್ರೆಟ್ಟುಗಳಿಲ್ಲದ ಅದರ ಬೆರಳುಹಲಗೆಗೆ ಅವರು ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದರು. 1976ರ ಅವರ ಮೊದಲ ಆಲ್ಬಮ್ಮಿನಲ್ಲಿ ಕೇಳಿಸುವ ಆ ಹಾಡುವಂಥ ದನಿ ಒರಿಜಿನಲ್ ಕೆಡಿಸಿದ್ದರಿಂದ ಹುಟ್ಟಿದ್ದು. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಹಾಫ್ನರ್ ಬೇಸ್ ಕೊಂಡದ್ದು ಸುಮಾರು 30 ಪೌಂಡಿಗೆ. ಫೆಂಡರ್ ಅವರ ಕೈಗೆಟುಕುತ್ತಿರಲಿಲ್ಲ, ಇದಾದರೆ ಎರಡೂ ಕಡೆ ಒಂದೇ ಆಕಾರವಾದ್ದರಿಂದ ಎಡಗೈಯವರು ಹಿಡಿದರೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. 1972ರಲ್ಲಿ ಕಳುವಾದ ಆ ಬೇಸ್ ಅವರಿಗೆ ಮರಳಿ ಸಿಕ್ಕಿದ್ದು 2024ರಲ್ಲಿ ಜಗತ್ತೆಲ್ಲ ಸುದ್ದಿಯಾಯಿತು. ಸುದ್ದಿ ಓದಿ ಕಣ್ಣೊರೆಸಿಕೊಂಡವರೇ ನಮ್ಮ ಹಾಸ್ಟೆಲ್‌ಗಳ ಅಗ್ಗದ ಬೇಸ್ ನೋಡಿ ಮೂಗು ಮುರಿಯುತ್ತಾರೆ.

ಅಷ್ಟು ದೂರ ಹೋಗುವುದೂ ಬೇಡ. ಮೈಸೂರಿನ ಟಿ. ಚೌಡಯ್ಯ ನಾಲ್ಕು ತಂತಿಯ ಪಿಟೀಲಿಗೆ ತಂತಿ ಸೇರಿಸಿ ಏಳು ತಂತಿಯದು ಮಾಡಿದರು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ನಾದ ತಲುಪಬೇಕಿತ್ತು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಗಮಕ ಹೊಮ್ಮಿಸಲು ವಾದ್ಯವನ್ನೇ ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. ಇಂದು ಚೌಡಯ್ಯನವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನಾಕಾರದ ಸಭಾಂಗಣವೇ ಇದೆ. ಅಲ್ಲಿ ಕೂತು ಕಛೇರಿ ಕೇಳಿ ಹೊರಬಂದು, ವಾದ್ಯ ಬದಲಿಸುವುದು ಅಪಚಾರ ಎಂದು ಉಪದೇಶಿಸುವವರಿಗೆ ಏನು ಹೇಳುವುದು?

ಇಲ್ಲಿ ನನ್ನ ಓದಿನ ಒಂದು ಮಾತು ಹೇಳಬೇಕು. ನನ್ನ ಸಂಶೋಧನೆ ಗ್ರಂಥಸಂಪಾದನೆಯ ಸುತ್ತ. ಹಳಗನ್ನಡ ಕಾವ್ಯಗಳು ನಮ್ಮವರೆಗೆ ಬಂದದ್ದು ಯಾರೂ ಮುಟ್ಟದೆ ಬಿಟ್ಟಿದ್ದರಿಂದಲ್ಲ. ಮುಟ್ಟದೆ ಬಿಟ್ಟ ಓಲೆಗರಿಗಳನ್ನು ಹುಳು ತಿಂದಿದೆ. ಲಿಪಿಕಾರರು ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡಿದ್ದರಿಂದ ಕಾವ್ಯ ಉಳಿಯಿತು. ಆ ದಾರಿಯಲ್ಲಿ ಅಕ್ಷರ ಬದಲಾದವು, ಪಾಠಾಂತರ ಹುಟ್ಟಿದವು. ಹಾಗೆಂದು ಮನಸ್ಸಿಗೆ ಬಂದಂತೆ ತಿದ್ದಬಹುದೇ? ಇಲ್ಲ. ಒಪ್ಪಿದ ಪಾಠವನ್ನು ಮೇಲಿಟ್ಟು, ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವ ಶಿಸ್ತನ್ನು ನಮ್ಮ ಹಿರಿಯ ಸಂಪಾದಕರು ಕಲಿಸಿದ್ದಾರೆ. ತಿದ್ದಬಹುದು, ತಿದ್ದಿದ್ದನ್ನು ಬಚ್ಚಿಡಬಾರದು.

ಬೇಸ್‌ಗೂ ನಾನು ಇದೇ ನಿಯಮ ಹಚ್ಚಿದ್ದೇನೆ. ತಂತಿ ಬಿಡಿಸುವ ಮುನ್ನ ವೈರಿಂಗಿನ ಚಿತ್ರ ಬರೆದುಕೊಂಡೆ. ತೆಗೆದ ಹಳೆಯ ಪಾಟ್, ಕೆಪ್ಯಾಸಿಟರ್, ಜ್ಯಾಕ್ ಒಂದು ಲಕೋಟೆಯಲ್ಲಿ ದಿನಾಂಕದೊಂದಿಗೆ ಇವೆ. ಪಿಕಪ್ಪಿನ ಎರಡು ತುಂಡುಗಳನ್ನು ಸೀರೀಸ್‌ನಿಂದ ಪ್ಯಾರಲಲ್‌ಗೆ ಬದಲಿಸುವ ಸ್ವಿಚ್ ಬೇಕಿತ್ತು. ಹೊಸ ತೂತು ಕೊರೆಯದೆ, ಎಳೆದರೆ ಸ್ವಿಚ್ ಆಗುವ ಪಾಟ್ ಹಾಕಿದೆ. ಸೀರೀಸ್‌ನಲ್ಲಿ ದನಿ ದಪ್ಪ, ಪ್ಯಾರಲಲ್‌ನಲ್ಲಿ ತೆಳುವು, ಸ್ಪಷ್ಟ. ಬ್ರಿಡ್ಜಿನ ಬಳಿ ತಂತಿಗಳ ಕೆಳಗೆ ಸಣ್ಣ ಸ್ಪಂಜಿನ ತುಂಡು ಸಿಕ್ಕಿಸಿದರೆ ನಾದ ಬೇಗ ಅಡಗಿ ಹಳೆಯ ಸಿನಿಮಾ ಹಾಡಿನ ಬೇಸ್‌ನಂತೆ ಕೇಳುತ್ತದೆ. ನಾಳೆ ಇದನ್ನು ಕೊಳ್ಳುವವರಿಗೆ ಬೇಡವಾದರೆ ಎಲ್ಲವನ್ನೂ ಹಿಂದಕ್ಕೆ ತಿರುಗಿಸಬಹುದು. ಜ್ಯಾಕೊ ಹೀಗೆ ಮಾಡಲಿಲ್ಲವಲ್ಲ ಎಂದರೆ, ಅದು ಅವರ ಆಯ್ಕೆ. ನನ್ನ ಆಯ್ಕೆಗೂ ಅಷ್ಟೇ ಹಕ್ಕಿದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಸೋಲ್ಡರಿಂಗ್ ನನಗೆ ಹೇಳಿಕೊಟ್ಟವರು ಟಿ.ವಿ. ರಿಪೇರಿ ಮಾಡುವ ಹಿರಿಯರೊಬ್ಬರು. ಅವರು ಬೇಸ್ ಗಿಟಾರನ್ನು ಅದಕ್ಕೆ ಮುಂಚೆ ಬಿಚ್ಚಿದವರಲ್ಲ. ಒಳಗೊಮ್ಮೆ ನೋಡಿ, "ಡ್ರೈ ಸೋಲ್ಡರ್ ಆಗಿದೆ ನೋಡಪ್ಪ, ಸೀಸ ಮೇಲೆ ಕೂತಿದೆ ಅಷ್ಟೆ, ಹಿಡಿದಿಲ್ಲ" ಎಂದರು. ಸೀಸವನ್ನು ಬಿಸಿ ಮಾಡಬೇಡ, ಸೀಸ ಹಿಡಿಯಬೇಕಾದ ಜಾಗವನ್ನು ಬಿಸಿ ಮಾಡು ಎಂದು ತೋರಿಸಿದರು. ಈ ಒಂದು ವಾಕ್ಯದಲ್ಲಿ ಇರುವಷ್ಟು ವಿಧಾನಶಾಸ್ತ್ರ ನಮ್ಮ ಎಷ್ಟೋ ಸಂಶೋಧನಾ ಕಮ್ಮಟಗಳಲ್ಲಿ ಇರುವುದಿಲ್ಲ. ಆದರೂ ವಿಶ್ವವಿದ್ಯಾಲಯದ ಭಾಷೆಯಲ್ಲಿ ಅವರು 'ಕುಶಲಕರ್ಮಿ', ನಾನು 'ವಿದ್ವಾಂಸ'. ಶ್ರಮ ಸಂಸ್ಕೃತಿಯ ಬಗ್ಗೆ ಎರಡು ದಿನದ ವಿಚಾರ ಸಂಕಿರಣ ಮಾಡುತ್ತೇವೆ. ಮೈಕು ಕೆಟ್ಟಾಗ ಅದನ್ನು ಸರಿಮಾಡಲು ಬಂದವರನ್ನು ವೇದಿಕೆಯ ಪಕ್ಕದ ಬಾಗಿಲಿನಿಂದ ಕಳಿಸುತ್ತೇವೆ.

ಇದೇ ತಾರತಮ್ಯ ಸಂಗೀತದ ಮಾತಿಗೂ ಹಬ್ಬಿದೆ. ಅಗ್ಗದ ಬೇಸ್‌ಗೆ 'ಟೋನ್' ಇಲ್ಲವಂತೆ, ಪ್ಲೈವುಡ್ಡಿಗೆ ಆತ್ಮವಿಲ್ಲವಂತೆ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ. ಉಕ್ಕಿನ ತಂತಿ ಅದರ ಮುಂದೆ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮರದ ಪಾತ್ರ ಏನೂ ಇಲ್ಲ ಎನ್ನುತ್ತಿಲ್ಲ. ಆದರೆ ಹಳೆ ತಂತಿ ತೆಗೆದು ಹೊಸದು ಹಾಕಿದಾಗ, ಪಿಕಪ್ಪನ್ನು ಸ್ವಲ್ಪ ಮೇಲೆತ್ತಿದಾಗ, ಬೆರಳನ್ನು ಬ್ರಿಡ್ಜಿನತ್ತ ಸರಿಸಿದಾಗ ಆಗುವ ಬದಲಾವಣೆಯನ್ನು ಯಾರ ಕಿವಿಯೂ ಹಿಡಿಯಬಲ್ಲದು. ಬಿಚ್ಚಿ ನೋಡದವರಿಗೆ ಮಾತ್ರ ಟೋನ್ ಎಂಬುದು ದುಡ್ಡು ಕೊಟ್ಟು ಪಡೆಯುವ ಪ್ರಸಾದ.

ಎಲ್ಲವನ್ನೂ ಉಳಿಸಲಾಗುವುದಿಲ್ಲ, ನಿಜ. ನೆಕ್ ಹಗ್ಗದಂತೆ ತಿರುಚಿಕೊಂಡಿದ್ದರೆ, ಟ್ರಸ್ ರಾಡ್ ತುಂಡಾಗಿದ್ದರೆ ಅಗ್ಗದ ಬೇಸ್‌ನ ಕಥೆ ಹೆಚ್ಚುಕಡಿಮೆ ಮುಗಿದಂತೆ. ಅದರ ಬಿರಡೆ, ಪಿಕಪ್ಪು ಇನ್ನೊಂದಕ್ಕೆ ಆದೀತು. ನಿಜವಾದ 1962ರ ವಾದ್ಯ ಯಾರ ಬಳಿಯಾದರೂ ಇದ್ದರೆ ಅವರು ನನ್ನ ಮಾತು ಕೇಳಬೇಕಿಲ್ಲ. ನಾನು ಹೇಳುತ್ತಿರುವುದು ಮಂಚದ ಕೆಳಗೆ, ಬೀರುವಿನ ಹಿಂದೆ, ಕಾಲೇಜಿನ ಕಲ್ಚರಲ್ ರೂಮಿನಲ್ಲಿ ತುಕ್ಕು ಹಿಡಿದ ತಂತಿಯೊಂದಿಗೆ ಒರಗಿರುವ ಹೆಸರಿಲ್ಲದ ಬೇಸ್‌ಗಳ ಬಗ್ಗೆ. ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ. ಬಿಚ್ಚುವ ಮುನ್ನ ತಂತಿ ಸಡಿಲಿಸಿ, ಒಂದು ಹಾಳೆ, ಪೆನ್ನು ಪಕ್ಕದಲ್ಲಿಟ್ಟುಕೊಳ್ಳಿ. ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ, ಆಂಪ್ಲಿಫೈಯರ್ ಆನ್ ಮಾಡಿ.