ಹನ್ನೊಂದು ಮಂದಿಯ ಸಂಸಾರ

ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಹಳೆಯ ಸಂಕಟವು, ತಿಂಗಳ ಮೊದಲ ತಾರೀಖಿನಂದು ಸಂಬಳ ಹಂಚಲು ಕುಳಿತ ಗೃಹಸ್ಥನಿಗೆ ಚೆನ್ನಾಗಿ ಅರ್ಥವಾದೀತು. ಐ.ಪಿ.ಎಲ್. ಕ್ರಿಕೆಟ್ಟಿನಲ್ಲಿ ಗೊತ್ತಾದ ಮೊತ್ತವನ್ನು ಮೀರಿ ಆಟಗಾರರಿಗೆ ವೆಚ್ಚ ಮಾಡುವಂತಿಲ್ಲ. 2018ರಲ್ಲಿ ಆ ಮಿತಿ 80 ಕೋಟಿ. ನಮ್ಮವರು ಕೊಹ್ಲಿಯವರಿಗೆ 17, ಡಿವಿಲಿಯರ್ಸರಿಗೆ 11 ಕೋಟಿಯನ್ನು ಮೊದಲೇ ಎತ್ತಿಟ್ಟರು. ಆ ವರ್ಷ ಆರನೆಯ ಸ್ಥಾನ, ಮರುವರ್ಷ ಕಟ್ಟಕಡೆಯದು.

ಭಂಕೂರಿನ ನಮ್ಮ ಮನೆಯಲ್ಲಿ ಇದರ ಮೇಲೆ ಎಷ್ಟು ವಾಗ್ವಾದ! “ಹಬ್ಬದ ಸೀರಿಗೇ ರೊಕ್ಕ ಮುಗಿಸಿದ್ರ ಜ್ವಾಳಕ್ಕ ಏನ್ ಮಾಡ್ತೀರಿ?” ಎಂದು ಮಡದಿ ಕೇಳಿದಳು. ಬ್ಯಾಟುಗಾರರು ಸೀರೆ, ಬೌಲರುಗಳು ಜೋಳ ಎಂದು ನಾನು ಅರ್ಥಮಾಡಿಕೊಂಡೆ.

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ಹರಾಜು ನಡೆಯಿತು. ಮಿತಿ 120 ಕೋಟಿ. ಅದಕ್ಕೆ ಮೊದಲು ಉಳಿಸಿಕೊಂಡವರು ಮೂವರೇ: ಕೊಹ್ಲಿ 21, ರಜತ್ ಪಾಟೀದಾರ್ 11, ಯಶ್ ದಯಾಳ್ 5. ಏಳು ವರ್ಷ ದುಡಿದ ಸಿರಾಜರನ್ನೂ ಬಿಟ್ಟುಕೊಟ್ಟರು. ಕನ್ನಡನಾಡಿನ ರಾಹುಲ್ 14 ಕೋಟಿಗೆ ದೆಹಲಿಯ ಪಾಲಾದ ರಾತ್ರಿ ನನ್ನ ಮಗ ಊಟ ಬಿಟ್ಟ. ನನಗೂ ನೋವಾಯಿತೆಂಬುದನ್ನು ಮುಚ್ಚಿಡಲಾರೆ. ಆದರೂ ಹೇಜಲ್‌ವುಡ್‌ಗೆ 12.5, ಭುವನೇಶ್ವರರಿಗೆ 10.75 ಕೋಟಿ ತೆತ್ತದ್ದು ಸರಿಯೆಂದೇ ತೋರಿತು. ಜೋಳದ ಚೀಲ ಮನೆಗೆ ಬಂದಿತ್ತಲ್ಲ! ನಾಯಕತ್ವವು ಪಾಟೀದಾರರಿಗೆ ಸಂದಿತು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನ ವಿರುದ್ಧ 6 ರನ್ನುಗಳ ಗೆಲವು. ಹದಿನೆಂಟನೆಯ ವರ್ಷದಲ್ಲಿ ಮೊದಲ ಪ್ರಶಸ್ತಿ! 5.75 ಕೋಟಿಯ ಕೃಣಾಲ್ ಪಾಂಡ್ಯರು 17 ರನ್ನಿಗೆ ಎರಡು ವಿಕೆಟ್ಟು ಕಿತ್ತಿದ್ದರು. ಮಲಗಿದ್ದ ಮಡದಿಯನ್ನು ಎಬ್ಬಿಸಿ ವರದಿ ಒಪ್ಪಿಸಿದೆ.

“ಅವರು ಜ್ವಾಳ ತಂದ್ರು. ನೀವು ಈ ತಿಂಗಳದ್ದು ಇನ್ನೂ ತಂದಿಲ್ಲ ನೋಡ್ರಿ,” ಎಂದು ಮಗ್ಗುಲು ಬದಲಿಸಿದಳು.